ಅಲುಗಾಟದ ಲೆಕ್ಕ

ಮಾರ್ಚ್ 9, ಸೋಮವಾರ. ಬೆಳಿಗ್ಗೆ 8.40
ಮೂರು ಗಂಟೆ ನಿದ್ದೆ, ಅದೂ ಬಿಟ್ಟು ಬಿಟ್ಟು. ಪಾಪುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿದ್ದು ಎಷ್ಟು ಸಲವೋ. "ನೀನು ಹೀಗೆ ಮುಟ್ಟಿ ಮುಟ್ಟಿ ನೋಡ್ತಿದ್ರೆ ಅವಳು ಹೇಗೆ ಮಲಗ್ತಾಳೆ?" — ಅಮ್ಮ. ಮಗುವನ್ನು ಅವಳ ಕೈಗಿಟ್ಟು ಲ್ಯಾಬಿಗೆ ಬಂದೆ.
ಹೋದ ವಾರದ ಅವಮಾನ ಇನ್ನೂ ಚುಚ್ಚುತ್ತಿದೆ. ತೊಗಟೆ ಅಣಬೆಯ ರಸ ಹಾಕಿದ, ಲ್ಯಾಬ್ ತಟ್ಟೆಯ ಗುಳಿಗಳಲ್ಲಿ ಮರಳುನೊಣ ಕಚ್ಚಿ ಹರಡುವ ಜ್ವರದ ಪ್ಯಾರಸೈಟ್‌ಗಳೆಲ್ಲ ಸತ್ತಿದ್ದವು. ಕುಣಿದಾಡಿದೆ. ನನ್ನ ಗೈಡ್ ಮೇಡಂ ಪಕ್ಕದ ಗುಳಿ ತೋರಿಸಿದರು — ಅಣಬೆಯೇ ಇಲ್ಲದ, ರಸ ಕರಗಿಸುವ ದ್ರಾವಕ ಮಾತ್ರ ಇದ್ದದ್ದು. ಅಲ್ಲೂ ಎಲ್ಲ ಸತ್ತಿದ್ದವು. ನಿದ್ದೆಗಣ್ಣಲ್ಲಿ ದ್ರಾವಕ ಹತ್ತು ಪಟ್ಟು ಸುರಿದಿದ್ದೆ.
"ಕೊಂದಿದ್ದು ಅಣಬೆ ಅಲ್ಲಮ್ಮ. ನೀನು."
ಉಳಿದಿರುವ ರಸ ಇನ್ನೊಂದೇ ಸಲಕ್ಕೆ ಸಾಕು. ಅದೂ ಕೆಟ್ಟರೆ ಈ ಅಣಬೆ ಬಿಡು ಎಂದಿದ್ದಾರೆ. ಎರಡು ವರ್ಷದ ಕೆಲಸ...

ಮಧ್ಯಾಹ್ನ 1.15
ಅಳತೆಯನ್ನು ಗಟ್ಟಿಯಾಗಿ ಓದಿದೆ. ಲ್ಯಾಬ್ ಅಟೆಂಡರ್ ಅಣ್ಣ ತಿರುಗಿ ಓದಿದರು. ಮೂರು ಸಲ.
"ನನ್ನ ಮಗ ಮಗ್ಗೀನೂ ಇಷ್ಟು ಸಲ ಒಪ್ಪಿಸಿಲ್ಲ ತಾಯಿ."
ಆರು ಗುಳಿಗೆ ಅಣಬೆ, ಆರಕ್ಕೆ ಬರೀ ದ್ರಾವಕ. ಇನ್ನು ಮೂರು ದಿನ.

ಮಾರ್ಚ್ 12, ಗುರುವಾರ. ಸಂಜೆ 4.30
ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಯಾವುದು ಯಾವುದೆಂದು ತಿಳಿಯದೆ ಎಣಿಸಬೇಕು — ಗುಳಿಗೊಂದರಂತೆ ಮಾಡಿದ ಹನ್ನೆರಡು ಸ್ಲೈಡುಗಳ ಹೆಸರುಗಳ ಮೇಲೆ ಟೇಪ್ ಅಂಟಿಸಿ ಕೊಡಿ ಅಣ್ಣ ಎಂದೆ.
ಮೊದಲನೆಯದು — ಪ್ಯಾರಸೈಟ್‌ಗಳು ಬಾಲ ಬಡಿಯುತ್ತ ಆರಾಮಾಗಿ ಈಜುತ್ತಿವೆ. ಎಣಿಸಿ ಬರೆದುಕೊಂಡೆ. ಎರಡನೆಯದು — ಒಂದೂ ಅಲುಗುತ್ತಿಲ್ಲ. ಮನೆಯಲ್ಲಿ ಒಂದು ಪುಟ್ಟ ಬೆರಳು ಅಲುಗಿದರೆ ಜೀವ ಬರುತ್ತದೆ. ಇಲ್ಲಿ ಯಾವುದೂ ಅಲುಗದಿರಲಿ ಎಂಬ ಹಂಬಲ.
ಕೊನೆಗೆ ಆರು ಈಜಾಟ, ಆರು ನಿಶ್ಚಲ.
ಅಣ್ಣ ಟೇಪ್ ಕಿತ್ತರು. ಒಂದೊಂದೇ. ಅಲುಗದ ಆರೂ ಅಣಬೆಯವು. ರಸ ನಮಗೂ ವಿಷವೇ ಎಂದು ತಿಳಿಯಲು ಬೇರೆ ತಟ್ಟೆಯಲ್ಲಿಟ್ಟಿದ್ದ, ಅದೇ ರಸ ಕುಡಿದ ಮನುಷ್ಯ ಜೀವಕೋಶಗಳು ಗಟ್ಟಿಮುಟ್ಟಾಗಿವೆ.
ಮೇಡಂ ತಾವೇ ಕೂತು ಹನ್ನೆರಡನ್ನೂ ನೋಡಿದರು.
"ಈ ಸಲ ನೀನಲ್ಲ ಕಣೆ. ಅಣಬೆ."
ಆಮೇಲೆ, "ಔಷಧಿ ಆಗೋಕೆ ಇನ್ನೂ ಬಹಳ ದೂರ ಇದೆ. ಹೋಗಿ ಅಣಬೆ ಇನ್ನಷ್ಟು ಬೆಳೆಸು. ನಾಳೆ ಅಲ್ಲ, ನಾಳೆ ಮನೇಲಿರು."
ಅಣ್ಣ ಕಿತ್ತ ಟೇಪನ್ನೆಲ್ಲ ಉಂಡೆ ಮಾಡಿ ನನ್ನ ಕೈಗಿಟ್ಟರು. ಪರ್ಸಿನಲ್ಲಿದೆ.

ಮಾರ್ಚ್ 13, ಶುಕ್ರವಾರ. ಬೆಳಿಗ್ಗೆ 11
ಅಮ್ಮನಿಗೆ ಮತ್ತೊಮ್ಮೆ ಹೇಳಿದೆ.
"ಸತ್ತವು ತಾನೆ? ನಿನ್ನೆಯಿಂದ ನಾಲ್ಕು ಸಲ ಹೇಳಿದೀಯ. ಈಗ ಮಲಗು."
ಪಾಪು ಪಕ್ಕದಲ್ಲಿದ್ದಾಳೆ. ಮೂಗಿನ ಹತ್ತಿರ ಬೆರಳು ಒಯ್ದೆ. ಹೊಟ್ಟೆ ಏರಿಳಿಯುವುದು ಇಲ್ಲಿಂದಲೇ ಕಾಣುತ್ತಿದೆ. ಬೆರಳು ಹಿಂದಕ್ಕೆ ತಂದೆ. ಬರೀ ಎಣಿಸುತ್ತೇನೆ, ಮುಟ್ಟುವುದಿಲ್ಲ — ಒಂದು... ಎರಡು... ಮೂ