ಶೀಟಿನ ಆಚೆಯ ಕಾಲುದಾರಿ

ಜನವರಿ 7, ಮಂಗಳವಾರ. ಸಂಜೆ

ಇವತ್ತೂ ಸೈಟ್ ಇನ್ಸ್‌ಪೆಕ್ಷನ್. ಉತ್ತರಹಳ್ಳಿ ಕಡೆ ಹೋಗೋ ರಸ್ತೆ, ಮುಚ್ಚಿಹೋದ ಸೋಪ್ ಫ್ಯಾಕ್ಟರಿ ಜಾಗ. ಕೆಳಗೆ ಅಂಗಡಿ, ಮಧ್ಯೆ ಆಫೀಸು, ಮೇಲೆ ಫ್ಲ್ಯಾಟು ಬರುತ್ತೆ. ನಮ್ಮ ಪ್ಲಾನಿಂಗ್ ಕಮಿಟಿ ಹಾಕಿದ ಷರತ್ತುಗಳನ್ನ ಇನ್ನೊಂದ್ಸಲ ನೋಡಿ ಅಂತ ಬಿಲ್ಡರ್ ಅರ್ಜಿ. ನೋಡಿ ನೋಟ್ ಬರೆಯೋ ಪ್ಲಾನರ್ ನಾನು.

ತಕರಾರು ಒಂದೇ — ಕಾಲುದಾರಿ. ಸೈಟಿನ ಹಿಂದಿರೋ ಕಾಲೋನಿಯವರು ಫ್ಯಾಕ್ಟರಿ ಇದ್ದಾಗಲೂ ಈ ಜಾಗದಲ್ಲೇ ನಡೆದು ಮೇನ್ ರೋಡಿಗೆ ಬರ್ತಿದ್ರು. ದೀಪಾವಳಿ ಆದ್ಮೇಲೆ ಬಿಲ್ಡರ್ ಸುತ್ತ ತಗಡಿನ ಶೀಟ್ ಹೊಡೆಸಿದ. ಕಟ್ಟಡ ಬಂದ್ರೂ ದಾರಿ ಬಿಡಬೇಕು, ಹಗಲು ರಾತ್ರಿ ತೆರೆದಿರಬೇಕು ಅನ್ನೋದು ಷರತ್ತು. ಅದನ್ನ ತೆಗೀಬೇಕಂತೆ.

ಕಾಲೋನಿಗೂ ಹೋದೆ. ಚಿನ್ನಪ್ಪ ಅನ್ನೋರ ಮನೆ. ಗೋಡೆ ಮೇಲೆ ಬುದ್ಧನ ಫೋಟೊ, ಕೆಳಗೆ ಮಂಚದಲ್ಲಿ ಅವರ ಹೆಂಡತಿ ಅಂಕಮ್ಮ. ಹೋದ ತಿಂಗಳು ಸ್ಟ್ರೋಕ್. ಓಣಿಗೆ ಆಂಬುಲೆನ್ಸ್ ಬರಲ್ಲ. ಮೊದಲಾಗಿದ್ರೆ ನೇರ ಮೇನ್ ರೋಡಿಗೆ ಎತ್ಕೊಂಡು ಹೋಗ್ತಿದ್ರು. ಈ ಸಲ ಪ್ಲಾಸ್ಟಿಕ್ ಕುರ್ಚೀಲಿ ಕೂರಿಸಿ ಮೋರಿ ಪಕ್ಕ ಸುತ್ತಿ ಹೋಗಿದ್ದಾರೆ. ತಡವಾಯ್ತು ಅಂದ್ರಂತೆ ಡಾಕ್ಟರು. ಅಂಕಮ್ಮನಿಗೆ ಈಗ ಮಾತಿಲ್ಲ. ನನ್ನನ್ನೇ ನೋಡ್ತಿದ್ರು. ಸೊಸೆ ಲತಾಮಣಿ, ಕಾಲೇಜಲ್ಲಿ ಕೆಮಿಸ್ಟ್ರಿ ಲೆಕ್ಚರರ್, ಕಾಫಿ ಕೊಟ್ರು. ಕುಡಿದೆ.

ಹೊರಗೆ ಬಂದ್ರೆ ಶೀಟಿನ ಮೇಲಿಂದ ಅಮ್ಮನ ಮನೆ ನೀರಿನ ಟ್ಯಾಂಕ್ ಕಾಣುತ್ತೆ. ನಾನು ಹುಟ್ಟಿ ಬೆಳೆದ ಲೇಔಟು ಇದರ ಪಕ್ಕದ್ದೇ. ಈ ಕಾಲೋನಿ ಒಳಗೆ ಕಾಲಿಟ್ಟಿದ್ದು ಮಾತ್ರ ಇವತ್ತೇ ಮೊದಲು.

ಜನವರಿ 12, ಭಾನುವಾರ

ಅಮ್ಮನ ಮನೆಗೆ ಊಟಕ್ಕೆ. ಬ್ಯಾಂಕಿಂದ ರಿಟೈರ್ ಆದ್ರೂ ಮ್ಯಾನೇಜರ್ ಗತ್ತು ಹಾಗೇ ಇದೆ — ಈಗ ಲೇಔಟ್ ಅಸೋಸಿಯೇಷನ್ ಸೆಕ್ರೆಟರಿ. ಹುಳಿ ಬಡಿಸ್ತಾ ಶುರು ಮಾಡಿದ್ಲು. ಆ ದಾರಿ ನಮ್ಮ ಪಾರ್ಕಿನ ಪಕ್ಕದಲ್ಲೇ ಮೇನ್ ರೋಡಿಗೆ ತೆರೆಯುತ್ತಂತೆ, ಹಿಂದಿನ ಜನ ಎಲ್ಲ ಹೊತ್ತುಗೊತ್ತಿಲ್ಲದೆ ಓಡಾಡ್ತಾರಂತೆ. ‘ಹಿಂದಿನ ಜನ’. ಆ ಮಾತಿನ ಒಳಗೇನಿದೆ ಅಂತ ಅವಳಿಗೂ ಗೊತ್ತು, ನನಗೂ.

ಫೈಲ್ ನಿನ್ನ ಹತ್ರ ಇದ್ಯಾ ಅಂದ್ಲು. ಆಫೀಸ್ ವಿಷಯ ಬೇಡಮ್ಮ ಅಂದೆ. ಉತ್ತರ ಸಿಕ್ಕಿತು ಅವಳಿಗೆ.

ಜನವರಿ 18, ಶನಿವಾರ

ಹಿಯರಿಂಗ್. ಹಾಲಲ್ಲಿ ಎರಡೂ ಕಡೆಯವರು. ಲೇಔಟಿನವರು ಮುಂದಿನ ಸಾಲು, ಕಾಲೋನಿಯವರು ಬಾಗಿಲ ಹತ್ರ ನಿಂತೇ ಇದ್ರು. ಕುರ್ಚಿ ಖಾಲಿ ಇತ್ತು.

ಅಮ್ಮ ಎದ್ದಳು. ನನ್ನ ಕಡೆ ನೋಡಲಿಲ್ಲ. ಇವಳು ನನ್ನ ತಾಯಿ ಅಂತ ವೇದಿಕೆ ಮೇಲೆ ಯಾರಿಗೂ ಗೊತ್ತಿಲ್ಲ. ಪಾರ್ಕಿನ ಹತ್ರ ನನ್ನ ಸರ ಕಿತ್ಕೊಂಡು ಹೋದ್ರು, ಕತ್ತಿನ ಮೇಲೆ ಗಾಯದ ಗುರುತು ಇನ್ನೂ ಇದೆ, ಆ ಕಡೆ ದಾರಿ ತೆರೆದ್ರೆ ನಮ್ಮ ಗತಿಯೇನು ಅಂದ್ಲು. ಚಪ್ಪಾಳೆ. ಸರ ಕಿತ್ತವನು ಮೇನ್ ರೋಡ್ ಕಡೆಯಿಂದ ಬೈಕಲ್ಲಿ ಬಂದಿದ್ದ. ಅವತ್ತು ಅಮ್ಮನನ್ನ ಪೊಲೀಸ್ ಸ್ಟೇಷನ್ನಿಗೆ ಕರ್ಕೊಂಡು ಹೋಗಿದ್ದೇ ನಾನು... ಪೆನ್ ಹಿಡ್ಕೊಂಡು ತಲೆ ಬಗ್ಗಿಸಿ ಕೂತಿದ್ದೆ.

ಆಮೇಲೆ ಲತಾಮಣಿ. ದನಿ ಎತ್ತಲಿಲ್ಲ.

“ಮದುವೆಯಾಗಿ ಬಂದ್ಮೇಲೆ ಇದೇ ದಾರೀಲಿ ನಡೆದು ಓದಿದ್ದೀನಿ, ಇದೇ ದಾರೀಲಿ ಕೆಲಸಕ್ಕೆ ಹೋಗಿದ್ದೀನಿ. ನಾವು ಹೊಸದಾಗಿ ಏನೂ ಕೇಳ್ತಿಲ್ಲ. ಇದ್ದಿದ್ದನ್ನ ಕಿತ್ಕೋಬೇಡಿ ಅಂತಿದ್ದೀವಿ.”

ಚಪ್ಪಾಳೆ ಇಲ್ಲ.

ಜನವರಿ 20, ಸೋಮವಾರ

ಅಮ್ಮನ ವಿಷಯ ಸೋಮನಾಥ್ ಸಾರ್‌ಗೆ ಹೇಳಿಬಿಟ್ಟೆ. ನಮ್ಮ ಸೀನಿಯರ್, ಒಳ್ಳೆಯವರೇ. ಬಾಗಿಲು ಹಾಕಿಸಿದ್ರು. ಯಾರಿಗೂ ಗೊತ್ತಿಲ್ಲ ತಾನೇ, ಸುಮ್ಮನಿರಿ ಅಂದ್ರು. ನೀವೇನು ತಾಯಿ ಪರ ಬರೀತಿಲ್ವಲ್ಲ. ನೀವು ಹೊರಗೆ ಹೋದ್ರೆ ಫೈಲು ಇನ್ನೊಬ್ಬ ಪ್ಲಾನರ್ ಶಶಿಕಾಂತನ ಕೈಗೆ. ಅವನು ಗೇಟ್ ಹಾಕಿಸಿ ಮುಗಿಸ್ತಾನೆ.

ಸರಿ ಅನ್ನಿಸ್ತು. ಮನೆಗೆ ಬಂದ್ಮೇಲೆ ಸರಿ ಅನ್ನಿಸ್ತಿಲ್ಲ. ನಾಳೆ ವಿಷಯ ಹೊರಗೆ ಬಂದ್ರೆ ಇಡೀ ಆರ್ಡರ್ ಬಿದ್ದುಹೋಗುತ್ತೆ. ಅದೂ ಅಲ್ಲ... ಸುಳ್ಳಿನ ಮೇಲೆ ದಾರಿ ಕೊಡಿಸೋದಾ?

ಫೆಬ್ರವರಿ 6, ಗುರುವಾರ

ಕಮಿಟಿ ಮೀಟಿಂಗ್. ಶುರುವಿಗೇ ಎದ್ದು ಹೇಳಿದೆ — ಆಕ್ಷೇಪಣೆ ಮಾಡಿದ ಪಂಕಜಾ ನನ್ನ ತಾಯಿ. ಥ್ಯಾಂಕ್ಸ್ ಹೇಳಿ ಹೊರಗೆ ಕಳಿಸಿದ್ರು. ನನ್ನ ನೋಟನ್ನೂ ಪಕ್ಕಕ್ಕಿಟ್ಟರು. ಕಾರಿಡಾರಲ್ಲಿ ಬೆಂಚ್ ಮೇಲೆ ಕೂತಿದ್ದೆ, ಒಳಗೆ ಯಾರೋ ನಕ್ಕಿದ್ದು ಕೇಳಿಸ್ತು.

ತೀರ್ಮಾನ: ದಾರಿ ಇರುತ್ತೆ. ಗೇಟೂ ಇರುತ್ತೆ. ಕತ್ತಲಾದ್ಮೇಲೆ ಬೀಗ. ಕೀ ಫ್ಲ್ಯಾಟಿನವರ ಸೆಕ್ಯುರಿಟಿ ಹತ್ರ.

ನಿಜ ಹೇಳಿದ್ದಕ್ಕೆ ಬೆಲೆ ತೆತ್ತವರು ಕಾಲೋನಿಯವರು. ನಾನಲ್ಲ.

ಫೆಬ್ರವರಿ 14, ಶುಕ್ರವಾರ

ಲತಾಮಣಿ ಆಫೀಸಿಗೆ ಬಂದಿದ್ರು. ಯಾಕೆ ಎದ್ದು ಹೋದ್ರಿ ಮೇಡಂ ಅಂದ್ರು. ಹೇಳಿದೆ, ಎಲ್ಲ.

“ಅದು ನಿಮ್ಮ ಮನೆ ವಿಷಯ. ನಮ್ಮ ದಾರಿ ಏನಾಗ್ಬೇಕು?”

ಅಪೀಲ್ ಹೋಗ್ತಾರಂತೆ. ಸೈಟಲ್ಲಿ, ನಮ್ಮನೇಲಿ ನೋಡಿದ್ದನ್ನ ಅಲ್ಲಿ ಬಂದು ಹೇಳ್ತೀರಾ ಅಂತ ಕೇಳಿದ್ರು. ಕರೆಸಿದ್ರೆ ಬರ್ತೀನಿ ಅಂದೆ. ಥ್ಯಾಂಕ್ಸ್ ಅನ್ನಲಿಲ್ಲ. ಅನ್ನೋ ಅವಶ್ಯಕತೆಯೂ ಇಲ್ಲ.

ಏಪ್ರಿಲ್ 23, ಬುಧವಾರ

ಎರಡು ತಿಂಗಳು ಏನೂ ಬರೆದಿಲ್ಲ. ಅಮ್ಮನ ಮನೆಗೂ ಸರಿಯಾಗಿ ಹೋಗಿಲ್ಲ. ಇವತ್ತು ಹೋಗಿ ಹೇಳಿದೆ, ನಾಳೆ ಅಪೀಲಲ್ಲಿ ಮಾತಾಡ್ತೀನಿ ಅಂತ. ಬೀನ್ಸ್ ಹೆಚ್ಚುತ್ತಿದ್ಲು. ನಿಲ್ಲಿಸಲಿಲ್ಲ. ಅಸೋಸಿಯೇಷನ್ ಪರವಾಗಿ ನಾನೂ ಬರ್ತಿದ್ದೀನಿ, ಇಬ್ಬರೂ ಒಂದೇ ಆಟೋದಲ್ಲಿ ಹೋಗೋದು ಚೆನ್ನಾಗಿರಲ್ಲ ಅಂದ್ಲು.

ಏಪ್ರಿಲ್ 24, ಗುರುವಾರ

ಮೊದಲು ನನ್ನನ್ನ ಕರೆದ್ರು. ಕಂಡಿದ್ದು ಹೇಳಿದೆ. ಓಣಿ ಅಗಲ, ಮೋರಿ ಪಕ್ಕದ ಸುತ್ತು, ಅಂಕಮ್ಮ, ಕುರ್ಚಿ. ಬಿಲ್ಡರ್ ಲಾಯರ್ ಕೇಳಿದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟೆ.

ಆಮೇಲೆ ಅಮ್ಮ. ಅದೇ ಸರದ ಕಥೆ. ಅಪೀಲ್ ಕೇಳ್ತಿದ್ದ ಅಧಿಕಾರಿ ಮಧ್ಯೆ ತಡೆದ್ರು. ಕಳ್ಳ ಯಾವ ಕಡೆಯಿಂದ ಬಂದ ಅಂತ ಕೇಳಿದ್ರು.

ಅಮ್ಮ ನನ್ನನ್ನ ನೋಡಿದ್ಲು. ನಾನು ಕಣ್ಣು ತಪ್ಪಿಸಲಿಲ್ಲ.

“ಮೇನ್ ರೋಡ್ ಕಡೆಯಿಂದ.”

ಕಾಲೋನಿ ಕಡೆಯಿಂದ ಯಾವತ್ತಾದ್ರೂ ಕಳ್ಳತನ, ಗಲಾಟೆ ಆಗಿದ್ಯಾ ಅಂದ್ರು ಅಧಿಕಾರಿ.

“ಇಲ್ಲ. ನಾನು ಈ ಲೇಔಟಿಗೆ ಬಂದಾಗಿಂದ ಆಗಿಲ್ಲ.”

ಕೂತಳು. ಪಕ್ಕದ ಮನೆ ಮೀನಾಕ್ಷಮ್ಮ ಅವಳ ಪಕ್ಕದಿಂದ ಎದ್ದು ಹಿಂದಿನ ಸಾಲಿಗೆ ಹೋದ್ರು. ಹೊರಗೆ ಬಂದು ಹುಡುಕಿದೆ. ಅಮ್ಮ ಆಗಲೇ ಹೊರಟುಹೋಗಿದ್ಲು.

ಮೇ 30, ಶುಕ್ರವಾರ

ಆರ್ಡರ್ ಬಂತು. ಗೇಟ್ ಇಲ್ಲ, ಬೀಗ ಇಲ್ಲ. ಕಟ್ಟಡ ಮುಗಿಯೋವರೆಗೂ ಶೀಟಿನ ಪಕ್ಕ ದಾರಿ ಬಿಡಬೇಕು, ತಕ್ಷಣ. ಲತಾಮಣಿ ಫೋನ್ ಮಾಡಿದ್ರು. ಮಾವ ಆಗಲೇ ಹೋಗಿ ನಿಂತಿದ್ದಾರೆ ಮೇಡಂ, ಶೀಟ್ ಯಾವಾಗ ಬಿಚ್ತಾರೆ ಅಂತ. ಅಂಕಮ್ಮನ ಬಗ್ಗೆ ಕೇಳಿದೆ. ಹಾಗೇ ಇದ್ದಾರಂತೆ. ಮಾತು ಬರಲ್ಲವಂತೆ ಇನ್ನು.

ನನಗೆ ಟ್ರಾನ್ಸ್‌ಫರ್ ಆಗಬಹುದು ಅಂತ ಸೋಮನಾಥ್ ಸಾರ್ ಸೂಚನೆ ಕೊಟ್ಟರು. ಆಗಲಿ. ಅಮ್ಮ ಫೋನ್ ಎತ್ತುತ್ತಿಲ್ಲ.

ಜೂನ್ 1, ಭಾನುವಾರ. ಬೆಳಿಗ್ಗೆ, ಅಮ್ಮನ ಮನೆ

ಹೇಳದೇ ಬಂದೆ. ಸೆಕ್ರೆಟರಿ ಸ್ಥಾನದಿಂದ ಇಳಿಸಿದ್ದಾರೆ. ವಾಕಿಂಗ್ ಗ್ರೂಪಿನವರು ಕರೀತಿಲ್ಲ, ಒಬ್ಬಳೇ ಹೋಗಿಬರ್ತಾಳೆ. ಇದನ್ನೆಲ್ಲ ಕೆಲಸದವರ ರಜೆ ವಿಷಯ ಹೇಳೋ ಹಾಗೆ ಹೇಳಿದ್ಲು. ತಿಂಡಿ ಕೊಟ್ಟಳು. ನಾನು ತಿನ್ನೋದನ್ನೇ ನೋಡ್ತಾ ಕೂತಳು.

“ನೀನು ಅಲ್ಲಿ ಕೂತಿರದೇ ಇದ್ದಿದ್ರೆ ನಾನು ಹಾಗೆ ಹೇಳ್ತಿರಲಿಲ್ಲ, ಹಂಸಾ.”

ಅಷ್ಟು ಹೇಳಿ ಸ್ನಾನಕ್ಕೆ ಹೋದಳು. ಬೈದಳೋ, ಇನ್ನೇನೋ... ಗೊತ್ತಾಗ್ತಿಲ್ಲ. ಊಟದ ಟೇಬಲ್ ಮೇಲೇ ಬರೀತಿದ್ದೀನಿ. ಈಗ ನಲ್ಲಿ ನಿಲ್ತು. ಬರಲಿ, ಇವತ್ತು ನೇರವಾಗಿ ಕೇಳಿಬಿಡ್ತೀನಿ, ಅಮ್ಮಾ ನಿನಗೆ ನನ್ನ ಮೇಲೆ ಕೋಪಾನಾ ಅಂತ. ಬಾಗಿಲು ತೆಗೆದ ಸದ್ದು, ಬಂದಳು.