ಉದ್ದದ ಗಾಯ, ಆಳದ ಗಾಯ

ಸಂತೆಕಲ್ಲೂರು
೧೭ ಜನವರಿ ೧೯೪೪, ಸೋಮವಾರ, ಸಂಜೆ

ಇವತ್ತೂ ಚಳಿಜ್ವರದವರೇ. ಕ್ವಿನೈನ್ ಮಧ್ಯಾಹ್ನಕ್ಕೇ ಮುಗಿಯಿತು. ಆಮೇಲೆ ಬಂದವರನ್ನು ನಾಳೆ ಬನ್ನಿ ಎಂದು ಕಳಿಸಿದೆ. ನಾಳೆಯೂ ಇರುವುದಿಲ್ಲ.

ದವಾಖಾನೆಯ ಬಾಗಿಲು ಹಾಕುವ ಹೊತ್ತಿಗೆ ಗದ್ದೆಮ್ಮ ಬಂದಳು, ಹೆಬ್ಬೆರಳಿಗೆ ಲಂಗದ ಅಂಚು ಸುತ್ತಿಕೊಂಡು. ನನ್ನ ಒಬ್ಬಳೇ ಮಗಳು, ಒಂಬತ್ತು ವರ್ಷ, ಹುಡುಗಿಯರ ಜೊತೆ ಆಟವೇ ಬೇಡ ಅವಳಿಗೆ.

"ಏನ್ ಮಾಡ್ಕೊಂಡಿ?"

"ಜೋಳದ ದಂಟು ಕೊಯ್ಯಾಕತ್ತಿದ್ದೆ. ಚಾಕು ಮಡಚ್ಕೊಂತು."

"ಯಾರ ಚಾಕು?"

"ಬಾಷಾಂದು. ಅವರಪ್ಪ ಹಟ್ಟಿಯಿಂದ ತಂದಾನ."

ಹುಸೇನಬಾಷಾ ಪಕ್ಕದ ಮನೆಯ ದಾವಲ್‌ಬೀಯ ಮಗ. ದಾವಲ್‌ಬೀ ನಮ್ಮ ದವಾಖಾನೆಗೆ ನೀರು ಹಾಕುತ್ತಾಳೆ, ಕಸ ಹೊಡೆಯುತ್ತಾಳೆ, ಪಟ್ಟಿ ಬಟ್ಟೆ ಕುದಿಸುತ್ತಾಳೆ. ಗಂಡ ಮೌಲಾಸಾಬ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಳಗಿಳಿದು ದುಡಿಯುವವ. ಅಪರೂಪಕ್ಕೆ ಬರುತ್ತಾನೆ. ಬಂದಾಗ ಮಗನಿಗೆ ಏನಾದರೂ ತರುತ್ತಾನೆ. ಈ ಸಲ ಚಾಕು! ಬೇರೆ ಏನೂ ಸಿಗಲಿಲ್ಲವೇ...

ಟಿಂಕ್ಚರ್ ಹಚ್ಚಿದೆ. ಅಳಲಿಲ್ಲ. ತುಟಿ ಕಚ್ಚಿ ನಿಂತಳು. ಬೈಯಬೇಕಿತ್ತು. ಬೈಯಲಿಲ್ಲ.

೨೦ ಜನವರಿ, ಗುರುವಾರ

ಲಿಂಗಸುಗೂರಿನಿಂದ ಡಾಕ್ಟರ್ ಸಾಹೇಬರು ಬಂದಿದ್ದರು. ಹುಣ್ಣುಗಳನ್ನು ನೋಡಿದರು, ಒಂದು ಬಾವು ಕೊಯ್ದರು, ಚಹಾ ಕುಡಿದರು. ಔಷಧ ಕೇಳಿದೆ. "ಲಡಾಯಿ ಮುಗೀಲಿ ನರಸಣ್ಣ" ಎಂದರು. ಎರಡು ವರ್ಷದಿಂದ ಇದೇ ಉತ್ತರ. ಧನುರ್ವಾಯು ಬರದಂತೆ ಹಾಕುವ ಸೀರಮ್ ಒಂದೇ ಸೀಸೆ ಉಳಿದಿದೆ, ಒಬ್ಬರಿಗಾಗುವಷ್ಟು. ಒದ್ದೆ ಮರಳಿನ ಗಡಿಗೆಯಲ್ಲಿ ಇಟ್ಟಿದ್ದೇನೆ, ತಣ್ಣಗಿರಲಿ ಎಂದು.

ಅವರ ಟಾಂಗಾ ಕಟ್ಟುವ ಲಾಯದ ಹಿಂದೆ ಗದ್ದೆಮ್ಮ, ಬಾಷಾ ಇಬ್ಬರನ್ನೂ ಹಿಡಿದೆ. ಆಟ ಹೀಗೆ: ಎದುರುಬದುರು ಕಾಲು ಅಗಲಿಸಿ ನಿಲ್ಲುವುದು. ಒಬ್ಬರು ಚಾಕು ಬೀಸಿ ಇನ್ನೊಬ್ಬರ ಪಾದದ ಪಕ್ಕ ನೆಲಕ್ಕೆ ನೆಡುವುದು. ನೆಟ್ಟಲ್ಲಿಗೆ ಅವರು ಕಾಲು ಸರಿಸಬೇಕು. ಹೆದರಿ ಕಾಲು ಎತ್ತಿದವರು ಸೋತಂತೆ. ಅಲ್ಲಿ ಲದ್ದಿ ಕೊಳೆತು ನೆಲ ಮೆತ್ತಗಿದೆ, ಚಾಕು ಚೆನ್ನಾಗಿ ನಾಟುತ್ತದೆ. ಅದಕ್ಕೇ ಆ ಜಾಗ ಹುಡುಕಿದ್ದಾರೆ.

ಬಾಷಾನ ಕಿವಿ ಹಿಂಡಿ ಚಾಕು ಕಸಿದುಕೊಂಡೆ. ಮೂಳೆಯ ಹಿಡಿ. ಎರಡು ಅಲಗು: ಒಂದು ಅಗಲ, ಒಂದು ದಬ್ಬಣದಂತೆ ಸಣ್ಣ. ಸ್ಪ್ರಿಂಗ್ ಸಡಿಲ.

ಸಂಜೆ ದಾವಲ್‌ಬೀ ಬಂದು ಬಾಗಿಲಲ್ಲಿ ನಿಂತಳು.

"ಅಣ್ಣಾರ, ಕೂಸು ಉಂಡಿಲ್ರೀ. ಅವರಪ್ಪ ತಂದದ್ದು ಅಂತ ತಲಿದಿಂಬಿನ್ಯಾಗ ಇಟ್ಕೊಂಡು ಮಲಗತಿತ್ತು."

"ಕಾಲು ಕಡ್ಕೊಂಡರ?"

"ಇನ್ನ ಆಡಂಗಿಲ್ರೀ. ನಾ ಹೇಳ್ತೀನಿ."

ಕೊಟ್ಟೆ. ಹೆಂಡತಿ ಗ್ಯಾನಮ್ಮ ಒಳಗಿನಿಂದ ನೋಡುತ್ತಿದ್ದಳು. "ಕೊಟ್ರಿ?" ಎಂದಳು.

೨೩ ಜನವರಿ, ಭಾನುವಾರ, ಸಂಜೆ

ನಡೆದಂತೆ ಬರೆಯಬೇಕು.

ರಜೆ. ದಾವಲ್‌ಬೀ ಕುಸುಬೆ ಹೊಲಕ್ಕೆ ಕೂಲಿಗೆ ಹೋಗಿದ್ದಳು. ನಾನು ಅಂಗಳದಲ್ಲಿ ಕ್ಷೌರ ಮಾಡಿಕೊಳ್ಳುತ್ತಿದ್ದೆ. ಬಾಷಾ ಓಡಿ ಬಂದ—ಬೆನ್ನ ಮೇಲೆ ಗದ್ದೆಮ್ಮ. ಅವಳ ಎಡಪಾದದಿಂದ ರಕ್ತ ಸುರಿಯುತ್ತಿತ್ತು. ಅದೇ ಆಟ, ಅದೇ ಲಾಯ. ಅವನು ಬೀಸಿದ ಚಾಕು ಪಾದದ ಅಂಚು ಸೀಳಿತ್ತು, ಬೆರಳಿನಿಂದ ಹಿಮ್ಮಡಿಯ ತನಕ.

ಹೊತ್ತುಕೊಂಡು ದವಾಖಾನೆಗೆ ಹೋದೆ, ಗ್ಯಾನಮ್ಮ, ಬಾಷಾ ಹಿಂದೆಯೇ ಬಂದರು. ತೊಳೆದೆ. ಉದ್ದದ ಗಾಯ, ಆಳವಿಲ್ಲ. ಒಳಗೆಲ್ಲ ಕಾಣುತ್ತಿತ್ತು, ಚೆನ್ನಾಗಿ ತೊಳೆಯಲು ಬಂತು. ಆದರೂ ಲದ್ದಿಯ ನೆಲ. ಸೀರಮ್ ಹಾಕಿಬಿಡೋಣ ಎಂದು ಸೂಜಿ ಕುದಿಯಲು ಇಟ್ಟೆ. ಗ್ಯಾನಮ್ಮ ಮಗಳನ್ನು ತೊಡೆಯ ಮೇಲೆ ಹಿಡಿದು ಕುಳಿತಳು.

ಆಗ ನೆಲ ನೋಡಿದೆ. ಬಾಗಿಲಿನಿಂದ ಮೇಜಿನವರೆಗೆ ರಕ್ತದ ಹೆಜ್ಜೆ. ಗದ್ದೆಮ್ಮಳದಲ್ಲ. ಅವಳು ನಡೆದೇ ಇರಲಿಲ್ಲ.

"ಲೇ ಬಾಷಾ, ಕಾಲು ಎತ್ತು."

ಎತ್ತಿದ. ಅಂಗಾಲಿನ ನಡುವೆ ಸಣ್ಣ ತೂತು. ಇವಳನ್ನು ಬೆನ್ನಿಗೆ ಏರಿಸಿಕೊಳ್ಳುವಾಗ ಚಾಕು ತುಳಿದಿದ್ದಾನೆ. ಸಡಿಲ ಸ್ಪ್ರಿಂಗಿನಿಂದ ತೆರೆದುಕೊಂಡಿದ್ದ ದಬ್ಬಣದಂಥ ಅಲಗು ಪೂರ್ತಿ ಒಳಗೆ ಹೋಗಿತ್ತಂತೆ. ಕಿತ್ತು ಎಸೆದು ಓಡಿ ಬಂದಿದ್ದಾನೆ.

"ಯಾಕ ಹೇಳಲಿಲ್ಲ?"

"ಗದ್ದೀದು ಬಾಳ ರಕ್ತ ಹೋಗಾಕತ್ತಿತ್ತು ಮಾಮಾ."

ಸೀಸೆ ನನ್ನ ಕೈಯಲ್ಲಿತ್ತು. ಇನ್ನೂ ಒಡೆದಿರಲಿಲ್ಲ.

ಉದ್ದದ ಗಾಯಕ್ಕೆ ಗಾಳಿ ಆಡುತ್ತದೆ. ಸಣ್ಣ ಬಾಯಿಯ ಆಳದ ಗಾಯವೇ ಕೆಟ್ಟದ್ದು—ಧನುರ್ವಾಯು ಅಂಥಲ್ಲೇ ಕೂರುತ್ತದೆ. ನನಗೆ ಗೊತ್ತು. ಹದಿನಾಲ್ಕು ವರ್ಷದಿಂದ ಕಂಪೌಂಡರ್. ಗೊತ್ತಿಲ್ಲ ಎಂದು ಇಲ್ಲಿ ಬರೆದುಕೊಂಡು ಏನು ಮಾಡಲಿ.

"ಏನ್ ನೋಡಾಕತ್ತೀರಿ? ಹಾಕ್ರಿ" ಎಂದಳು ಗ್ಯಾನಮ್ಮ.

ಗದ್ದೆಮ್ಮಳಿಗೆ ಹಾಕಿದೆ.

ಬಾಷಾ ಸೂಜಿಯನ್ನೇ ನೋಡುತ್ತಿದ್ದ. "ನನಗೂ ಹಾಕ್ತೀರೇನ್ರೀ ಮಾಮಾ?"

"ನಿನಗ ಬ್ಯಾಡ. ನೀ ಗಟ್ಟಿ ಅದೀಯಲ್ಲ."

ಬದುಕಿದೆ ಎನ್ನುವಂತೆ ನಕ್ಕ. ಸೂಜಿ ತಪ್ಪಿತು ಎಂದು ಅವನಿಗೆ ಸಂತೋಷ. ತೂತಿನೊಳಗೆ ಟಿಂಕ್ಚರ್ ಬಿಟ್ಟೆ, ಪಟ್ಟಿ ಕಟ್ಟಿದೆ. ಮೇಲಿಂದ ತೊಳೆದದ್ದು ತಳದವರೆಗೆ ಇಳಿಯುತ್ತದೆಯೇ? ಕೊಯ್ದು ಬಾಯಿ ಅಗಲ ಮಾಡಬೇಕಿತ್ತು. ನನ್ನ ಕೈಯಲ್ಲಿ ಆ ಧೈರ್ಯ ಉಳಿದಿರಲಿಲ್ಲ.

೨೪ ಜನವರಿ, ಸೋಮವಾರ

ಗದ್ದೆಮ್ಮಳಿಗೆ ಸೂಜಿ ಹಾಕಿದ ತೋಳು ಊದಿದೆ. ಮೈ ಬೆಚ್ಚಗಿದೆ. ಅಷ್ಟೇ.

ಬಾಷಾ ಕುಂಟುತ್ತಾ ಬಂದು ಅವಳ ಹಾಸಿಗೆಯ ಪಕ್ಕ ಸೀತನಿ ಇಟ್ಟು ಹೋದ. ಬೂದಿಯಲ್ಲಿ ಸುಟ್ಟ ಎಳೆಜೋಳ, ಇನ್ನೂ ಬಿಸಿಯಿತ್ತು. ಅವನ ಕಾಲು ನೋಡಿದೆ. ತೂತು ಮುಚ್ಚಿಕೊಂಡಿದೆ. ಇಷ್ಟು ಬೇಗ ಮುಚ್ಚಬಾರದು.

ಬೆಳಿಗ್ಗೆ ಇದ್ದಿಲಿನಿಂದ ಓಡುವ ಮೋಟಾರು ಬಸ್ಸಿನ ಡ್ರೈವರನ ಕೈಯಲ್ಲಿ ಡಾಕ್ಟರ್ ಸಾಹೇಬರಿಗೆ ಹೇಳಿ ಕಳಿಸಿದೆ—ಸೀರಮ್ ತುರ್ತಾಗಿ ಬೇಕು. ಸಂಜೆ ವಾಪಸು ಬಂದ. ಲಿಂಗಸುಗೂರಿನಲ್ಲೂ ಇಲ್ಲ. ರಾಯಚೂರಿಗೆ ಹೇಳುತ್ತಾರಂತೆ.

ದಾವಲ್‌ಬೀ ಗ್ಯಾನಮ್ಮಳ ಕಾಲು ಹಿಡಿಯಲು ಬಂದಳು. "ನನ್ನ ಮಗನ ಕೈಯಿಂದ ನಿಮ್ಮ ಕೂಸಿಗೆ ಹಿಂಗಾತು" ಎಂದು ಒಂದೇ ಸಮನೆ ಅಳು. ಚಾಕುವನ್ನು ಬಾವಿಗೆ ಎಸೆದು ಬಂದಿದ್ದಾಳೆ. ಮಗನನ್ನು ಹೊಡೆದಿದ್ದಾಳೆ, ಬೆನ್ನ ಮೇಲೆ ಬಾಸುಂಡೆ ಇವೆ. ನಾನು ಎದ್ದು ಹಿತ್ತಲಿಗೆ ಹೋದೆ.

೨೭ ಜನವರಿ, ಗುರುವಾರ

ರಾಯಚೂರಿನಿಂದ ಏನೂ ಇಲ್ಲ. ಡಾಕ್ಟರ್ ಸಾಹೇಬರೂ ಬರಲಿಲ್ಲ, ಟಾಂಗಾದ ಗಾಲಿ ಮುರಿದಿದೆಯಂತೆ.

ಬಾಷಾ ಗೋಲಿ ಆಡುತ್ತಿದ್ದಾನೆ. ನಿಂತು ನೋಡಿದೆ. ನಗುತ್ತಾನೆ, ಕೂಗುತ್ತಾನೆ, ಜಗಳ ಆಡುತ್ತಾನೆ. ಏನೂ ಆಗದೇ ಇರಬಹುದು. ಎಷ್ಟೋ ಮಂದಿ ಮುಳ್ಳು ತುಳಿಯುತ್ತಾರೆ, ಮೊಳೆ ತುಳಿಯುತ್ತಾರೆ. ಎಲ್ಲರಿಗೂ ಬರುತ್ತದೆಯೇ?

೩೧ ಜನವರಿ, ಸೋಮವಾರ, ಬೆಳಿಗ್ಗೆ

ದಾವಲ್‌ಬೀ ಬಂದಳು. "ಅಣ್ಣಾರ, ಬಾಷಾಗ ಹಲ್ಲು ನೋವು ಆಗೈತೇನೋ ನೋಡ್ರಿ. ರೊಟ್ಟಿ ಅಗಿಯಾಕ ಆಗವಲ್ದು. ಗದ್ದ ಹಿಡದೈತಿ ಅಂತಾನ."

ಓಡಿದೆ. ಬಾಯಿ ತೆರೆ ಎಂದೆ. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಕತ್ತು ಬಿಗಿದಿತ್ತು. ನನ್ನನ್ನು ನೋಡಿ ನಗಲು ಹೋದ—ಆ ನಗು...

ಗಾಡಿ ಕಟ್ಟಿಸಿದ್ದೇನೆ. ಲಿಂಗಸುಗೂರಿಗೆ ಹೊರಟಿದ್ದೇವೆ. ಹಟ್ಟಿಗೆ ಮೌಲಾಸಾಬನಿಗೆ ಆಳು ಹೋಗಿದ್ದಾನೆ.

ಲಿಂಗಸುಗೂರು
೩ ಫೆಬ್ರವರಿ, ಗುರುವಾರ

ಬಾಷಾನನ್ನು ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದಾರೆ. ಬೆಳಕು ಬಿದ್ದರೆ, ಬಾಗಿಲು ಕಿರ್ ಎಂದರೆ, ಯಾರಾದರೂ ಕೆಮ್ಮಿದರೆ ಸೆಳೆತ ಬರುತ್ತದೆ. ಮೈ ಬಿಲ್ಲಿನಂತೆ ಎದ್ದು ನಿಲ್ಲುತ್ತದೆ. ಹಿಮ್ಮಡಿ, ತಲೆ ಮಾತ್ರ ಹಾಸಿಗೆಗೆ. ಪೂರ್ತಿ ಎಚ್ಚರವಿದೆ. ಅದೇ ದೊಡ್ಡ ಶಿಕ್ಷೆ ಈ ರೋಗದಲ್ಲಿ—ಎಲ್ಲ ಗೊತ್ತಾಗುತ್ತದೆ.

ಡಾಕ್ಟರ್ ಸಾಹೇಬರು ಕೋಣೆಯ ಹೊರಗೆ ಕೇಳಿದರು, "ನಿನ್ನ ಹತ್ರ ಒಂದು ಸೀರಮ್ ಇತ್ತಲ್ಲ?"

"ಖರ್ಚಾತ್ರಿ."

ಯಾರಿಗೆ ಎಂದು ಕೇಳಲಿಲ್ಲ. ನನ್ನ ಮುಖ ನೋಡಿ ಒಳಗೆ ಹೋದರು. ದಾವಲ್‌ಬೀ ಅಲ್ಲೇ ಗೋಡೆಗೆ ಒರಗಿ ಕುಳಿತಿದ್ದಳು. ಸೀರಮ್ ಎಂದರೆ ಏನೆಂದು ಅವಳಿಗೆ ತಿಳಿಯದು. ಪಕ್ಕದಲ್ಲಿ ಕುಳಿತ ಹೆಂಗಸಿಗೆ ಹೇಳುತ್ತಿದ್ದಳು: "ಇವರು ನಮ್ಮ ಊರ ಕಂಪೌಂಡರ್. ಕೆಲಸ ಬಿಟ್ಟು ನನ್ನ ಕೂಸಿನ ಹಿಂದ ಬಂದಾರ. ಒಡಹುಟ್ಟಿದವರು ಬರಂಗಿಲ್ಲವ್ವಾ ಹಿಂಗ."

ಮೌಲಾಸಾಬ ಮಧ್ಯಾಹ್ನ ಬಂದ. ಗಣಿಯ ಧೂಳು ಕಿವಿಯಲ್ಲಿ ಇನ್ನೂ ಹಾಗೇ ಇತ್ತು. ಕೋಣೆಯೊಳಗೆ ಬರಿಗಾಲಲ್ಲಿ ಹೋದ, ಸದ್ದಾಗದಂತೆ. ಹೊರಗೆ ಬಂದು ನನ್ನನ್ನು ಕೇಳಿದ, "ನಾ ಚಾಕು ತರಲಿಲ್ಲಂದ್ರ ಇದು ಆಗ್ತಿರಲಿಲ್ಲ ಹೌದಲ್ರೀ?"

ಚಾಕುವಿನಿಂದಲ್ಲ ಎಂದು ಒಂದು ಮಾತು ಹೇಳಬಹುದಿತ್ತು.

೪ ಫೆಬ್ರವರಿ, ಶುಕ್ರವಾರ

ಕೂಸು ನಸುಕಿನಲ್ಲಿ ಹೋಯಿತು. ಸೆಳೆತದಲ್ಲೇ ಉಸಿರು ನಿಂತಿತು.

ರಾಯಚೂರಿನ ಮೋಟಾರು ಹತ್ತು ಗಂಟೆಗೆ ಬಂತು. ಸೀರಮ್ ಅದರಲ್ಲಿತ್ತು.

ಸಂತೆಕಲ್ಲೂರು
೧೩ ಫೆಬ್ರವರಿ, ಭಾನುವಾರ

ಬರೆಯಲು ಆಗಿರಲಿಲ್ಲ.

ಗದ್ದೆಮ್ಮಳ ಗಾಯ ಕೂಡಿದೆ. ಕೆಂಪು ಗೆರೆ ಉಳಿದಿದೆ. ನಡೆಯುತ್ತಾಳೆ. ಇವತ್ತು ಉಣ್ಣುವಾಗ ಕೇಳಿದಳು:

"ಅಪ್ಪಾ, ಆ ಸೂಜಿ ಇದು ಬರಬಾರದು ಅಂತ ಹಾಕೋದಾ?"

"ಹೂಂ."

"ಬಾಷಾಗ ಯಾಕ ಹಾಕಲಿಲ್ಲ?"

"ಒಂದs ಇತ್ತವ್ವಾ."

ತಟ್ಟೆ ಬಿಟ್ಟು ಎದ್ದಳು. ಗ್ಯಾನಮ್ಮ ಹಿಂದೆಯೇ ಓಡಿದಳು, ಹಿಡಿಯಲಾಗಲಿಲ್ಲ. ಹುಡುಗಿ ನೇರ ದಾವಲ್‌ಬೀಯ ಮನೆಗೆ ಹೋಗಿ ಹೇಳಿಬಿಟ್ಟಿದೆ.

ಸ್ವಲ್ಪ ಹೊತ್ತಿಗೆ ದಾವಲ್‌ಬೀ ಬಂದಳು. ಕೂಗಾಡಲಿಲ್ಲ. ದಿನಾ ನೀರು ತಂದು ಇಳಿಸುವ ಜಾಗದಲ್ಲೇ ನಿಂತಳು.

"ಇದ್ದದ್ದು ಒಂದs ಏನ್ರೀ ಅಣ್ಣಾರ?"

"ಒಂದs."

"ಅರ್ಧ ಅರ್ಧ ಹಾಕಾಕ ಬರ್ತಿರಲಿಲ್ಲೇನ್ರೀ?"

ಆ ಹೊತ್ತಿನಲ್ಲಿ ಇದು ನನ್ನ ತಲೆಗೇ ಬಂದಿರಲಿಲ್ಲ. ದೇವರಾಣೆ ಬಂದಿರಲಿಲ್ಲ. ಅರ್ಧ ಸಾಕಾಗುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಅದೇ ಹೇಳಿದೆ, ಗೊತ್ತಿಲ್ಲ ಎಂದು. ಅವಳು ಅಲ್ಲಿದ್ದ ತನ್ನ ಕೊಡವನ್ನು ಎತ್ತಿಕೊಂಡಳು. ಆಮೇಲೆ ಹೋದಳು.

೧೬ ಫೆಬ್ರವರಿ, ಬುಧವಾರ

ನೀರಿಗೆ ಬರುತ್ತಿಲ್ಲ. ನಾನೇ ತರುತ್ತೇನೆ. ಬಾವಿಯ ಕಟ್ಟೆಯಲ್ಲಿ ಹೆಂಗಸರು ಸರಿದು ದಾರಿ ಬಿಡುತ್ತಾರೆ. ಮಾತಾಡುವುದಿಲ್ಲ. ಗ್ಯಾನಮ್ಮ, "ಯಾರಿದ್ರೂ ತಮ್ಮ ಕೂಸಿಗೇ ಹಾಕ್ತಿದ್ರು. ಎದಿ ಮುಟ್ಕೊಂಡು ಹೇಳ್ಲಿ ಯಾರಾದ್ರೂ" ಎನ್ನುತ್ತಾಳೆ. ಹೇಳುತ್ತಲೇ ಅಳುತ್ತಾಳೆ.

ಮಗಳು ಬದುಕಿದ್ದಾಳೆ. ಅವಳು ಮಲಗಿದಾಗ ಪಾದ ಮುಟ್ಟಿ ನೋಡುತ್ತೇನೆ. ಸೀರಮ್ ಇಲ್ಲದಿದ್ದರೂ ಅವಳಿಗೆ ಏನೂ ಆಗುತ್ತಿರಲಿಲ್ಲವೇನೋ. ತೊಳೆದದ್ದೇ ಸಾಕಾಗುತ್ತಿತ್ತೇನೋ. ಇದನ್ನು ಯಾರಿಗೂ ಹೇಳಿಲ್ಲ. ಗ್ಯಾನಮ್ಮಳಿಗೂ.

೨೦ ಫೆಬ್ರವರಿ, ಭಾನುವಾರ, ಮಧ್ಯಾಹ್ನ

ಮೌಲಾಸಾಬ ಬಂದಿದ್ದಾನೆ. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಾನೆ. ಒಳಗೆ ಬಾ ಎಂದೆ, ಬರಲಿಲ್ಲ. ಹೊಡೆಯಲು ಬಂದಿದ್ದಾನೆ ಅಂದುಕೊಂಡೆ. ಹೊಡೆದಿದ್ದರೆ...

"ಆಕಿ ಉಣ್ಣವಲ್ಲಳ್ರೀ" ಎಂದ. "ಗ್ವಾಡಿ ಕಡೆ ಮುಖ ಮಾಡಿ ಕುಂತಾಳ. ನಾ ನಾಳೆ ಕೆಲಸಕ್ಕ ಹೋಗಬೇಕು, ಹೆಂಗ ಬಿಟ್ಟು ಹೋಗ್ಲಿ?"

ಹೊಸ್ತಿಲ ಮೇಲೆ ಕುಳಿತೆ.

"ನರಸಣ್ಣಾರ, ನಿಮ್ಮ ಹುಡುಗೀದು ದೊಡ್ಡ ಗಾಯ ಇತ್ತಂತಲ್ರೀ. ಎಲ್ಲಾರೂ ಅದs ಹೇಳ್ತಾರ. ರಕ್ತ ಬಾಳ ಹೋಗಿತ್ತಂತ. ಅದಕs ಆಕಿಗೆ ಹಾಕಿದ್ರಿ, ಹೌದಲ್ರೀ? ಬಾಷಾಂದು ಸಣ್ಣದು, ಹಿಂಗ ಆಗತೈತಿ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಹೌದು ಅನ್ರಿ. ನಾ ಹೋಗಿ ಆಕಿಗೆ ಹೇಳ್ತೀನಿ, ಆಕಿ ಒಂದ್ ತುತ್ತು ಉಂಡಾಳು."

ಅವನ ಕಣ್ಣು ನೋಡಲಾಗಲಿಲ್ಲ. ಕೈ ಮುಗಿದಿದ್ದ. ಹೌದು ಎಂದರೆ ಅವನು ಎದ್ದು ಹೋಗುತ್ತಾನೆ. ದಾವಲ್‌ಬೀ ನಂಬುತ್ತಾಳೆ, ನಾನು ಏನು ಹೇಳಿದರೂ ನಂಬುತ್ತಾಳೆ. ಊರೂ ಬಿಡುತ್ತದೆ. ಗ್ಯಾನಮ್ಮ ಬಾಗಿಲ ಹಿಂದೆ ನಿಂತು "ಹೌದು ಅನ್ರಿ" ಎಂದು ಸನ್ನೆ ಮಾಡುತ್ತಿದ್ದಳು.

ನೀರು ತರುತ್ತೇನೆ ಎಂದು ಒಳಗೆ ಬಂದೆ. ಬಂದು ಇಲ್ಲಿ ಕುಳಿತಿದ್ದೇನೆ. ಅವನಿಗೆ ನೀರು ಗದ್ದೆಮ್ಮ ಕೊಟ್ಟಿದ್ದಾಳೆ. ಕಟ್ಟೆಯ ಮೇಲೆ ಅವನ ಪಕ್ಕದಲ್ಲೇ ಕುಳಿತಿದ್ದಾಳೆ. ಇಬ್ಬರೂ ಬಾಗಿಲ ಕಡೆ ನೋಡುತ್ತಿದ್ದಾರೆ. ಎಷ್ಟು ಹೊತ್ತು ಎಂದು ಬರೆಯುತ್ತಾ ಕೂರಲಿ.

ಎದ್ದು ಹೋಗಬೇಕು. ಮಗಳು ಅಲ್ಲೇ ಇರಲಿ, ಅವಳೂ ಕೇಳಲಿ. ಅವನ ಮುಂದೆ ನೆಲದ ಮೇಲೆ ಕುಳಿತು, ಮುಖ ನೋಡಿ ಹೇಳಬೇಕು—ಇಲ್ಲ ಮೌಲಾಸಾಬ, ನನಗ ಗೊತ್ತಿತ್ತು, ಬಾಷಾಂದs ಕೆಟ್ಟ ಗಾಯ ಇತ್ತು, ಗೊತ್ತಿದ್ದೂ ನನ್ನ ಮಗಳಿಗೆ ಹಾಕ್ದೆ. ಎದ್ದೆ.