ಜಗಲಿಯ ಮೇಲೆ ಕೂರುವವರು ಬೇಕಾಗಿದ್ದಾರೆ

ಬಿಡುಗಡೆಯ ನೂರಾ ಎಂಬತ್ತನೆಯ ವರ್ಷ,
ಎರಡನೇ ಸೋನೆ ತಿಂಗಳು, ಮೂವತ್ತಮೂರನೇ ದಿನ, ಮಧ್ಯಾಹ್ನ.
ಜೀತದಂಗಳದಿಂದ.

ಸುಳ್ಳುಗಾಲದಲ್ಲಿ ಬದುಕಿರುವ ನಿಮಗೆ,

ಮೇಲಿನ ದಿನಾಂಕ ನೋಡಿ ಹುಬ್ಬೇರಿಸಬೇಡಿ. ನಿಮ್ಮ ತಿಂಗಳುಗಳಿಗೂ ಮಳೆಗೂ ಹೊಂದಾಣಿಕೆ ತಪ್ಪಿ ಬಹಳ ಕಾಲವಾಯಿತು. ನಮಗೆ ಸೋನೆ ತಿಂಗಳು ಎರಡು ಬರುತ್ತವೆ, ಎರಡನೆಯದು ಉದ್ದ. ವರ್ಷವನ್ನು ನಾವು ಎಣಿಸುವುದು ಜೀತ ರದ್ದಾಯಿತೆಂದು ಕಾನೂನು ಬಂದ ದಿನದಿಂದಲ್ಲ, ಕೊನೆಯ ಜೀತದಾಳು ನಿಜವಾಗಿ ಹೊರಗೆ ಕಾಲಿಟ್ಟ ದಿನದಿಂದ. ಆ ಎರಡು ದಿನಗಳ ನಡುವಿನ ಉದ್ದನೆಯ ಕಾಲಕ್ಕೆ ನಮ್ಮ ಮಕ್ಕಳ ಪಾಠದಲ್ಲಿ ಸುಳ್ಳುಗಾಲ ಎಂದು ಹೆಸರು. ಕಾಗದದ ಮೇಲೆ ಜೀತ ಇರಲಿಲ್ಲ. ಇಟ್ಟಿಗೆ ಗೂಡಿನಲ್ಲಿ, ಕಲ್ಲು ಕ್ವಾರಿಯಲ್ಲಿ, ಕೋಳಿ ಫಾರಂನಲ್ಲಿ, ದೊಡ್ಡ ಮನೆಗಳ ಹಿತ್ತಲಲ್ಲಿ ಇತ್ತು. ನೀವಿರುವುದು ಆ ಕಾಲದಲ್ಲಿ. ಹೆಸರು ಚುಚ್ಚಿದರೆ ಚುಚ್ಚಲಿ. ನನ್ನ ಮಾತು ವಿಚಿತ್ರವೆನಿಸಿದರೆ ಅದಕ್ಕೆ ಕ್ಷಮೆ ಕೇಳುತ್ತೇನೆ, ಒರಟೆನಿಸಿದರೆ ಕೇಳುವುದಿಲ್ಲ.

ನಾನು ಪಿಳ್ಳಮ್ಮ. ಜೀತದಂಗಳದ ಹೇಳುಗರ ಗುಂಪಿಗೆ ಮುಖ್ಯಸ್ಥೆ. ಜೀತದ ಚರಿತ್ರೆಯನ್ನು ಊರಿನವರಿಗೆ, ಶಾಲೆಯವರಿಗೆ, ದಾರಿಯಲ್ಲಿ ಹೋಗುವವರಿಗೆ ತಿಳಿಸಿಕೊಡುವುದು ನಮ್ಮ ಕೆಲಸ. ಅಂಗಳವೆಂದರೆ ದೊಡ್ಡದೇನಲ್ಲ. ನಿಮ್ಮ ಕಾಲದ ಒಂದು ಜಮೀನ್ದಾರರ ಮನೆಯ ಮುಂಭಾಗ ಮಾತ್ರ ಉಳಿದಿದೆ. ಎತ್ತರದ ಕಲ್ಲಿನ ಜಗಲಿ, ಅದರ ಮುಂದೆ ನೆಲ, ಪಕ್ಕದಲ್ಲಿ ದನದ ಕೊಟ್ಟಿಗೆ. ಕೊಟ್ಟಿಗೆಯ ಸೂರಿನಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ ಸಿಕ್ಕಿಸಿದ್ದೇವೆ. ಜೀತದಾಳು ಉಂಡ ತಟ್ಟೆಯನ್ನು ತಾನೇ ತೊಳೆದು ಅಲ್ಲಿ ಸಿಕ್ಕಿಸಬೇಕಿತ್ತು, ಮನೆಯ ಪಾತ್ರೆಗಳ ಜೊತೆ ಅದು ಸೇರುವಂತಿರಲಿಲ್ಲ. ಬಂದ ಮಕ್ಕಳು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡುವುದು ಆ ತಟ್ಟೆಯನ್ನೇ.

ನಮ್ಮ ಬದುಕು ನಿಮ್ಮದಕ್ಕಿಂತ ಬೇರೆ, ಆದರೆ ನೀವು ಊಹಿಸುವಷ್ಟು ಬೇರೆಯಲ್ಲ. ಮುದ್ದೆ ಈಗಲೂ ಮುದ್ದೆಯೇ. ಬೀದಿಗಳಿಗೆಲ್ಲ ಬಿಸಿಲುಹೊದಿಕೆ ಇದೆ. ಅದು ಬಿಸಿಲನ್ನು ತಡೆಯುತ್ತದೆ, ತಡೆದ ಬಿಸಿಲಿನಿಂದಲೇ ಊರಿಗೆ ದೀಪ ಕೊಡುತ್ತದೆ. ಕೊಳವೆಬಾವಿಗಳನ್ನು ನೀವು ಒಣಗಿಸಿಟ್ಟು ಹೋದದ್ದರಿಂದ ನಾವು ಬೆಟ್ಟಗಳ ಮೇಲೆ ಮಂಜುಬಲೆ ಕಟ್ಟುತ್ತೇವೆ. ಬೆಳಗಿನ ಮಂಜು ಬಲೆಗೆ ಸಿಕ್ಕಿ ತೊಟ್ಟಿಕ್ಕಿದ ನೀರೇ ನಮಗೆ ಕುಡಿಯುವ ನೀರು. ಆಳು ಎಂಬ ಮಾತು ನಮ್ಮಲ್ಲಿಲ್ಲ, ಸರದಿ ಇದೆ. ಚರಂಡಿ ಎತ್ತುವುದು, ಬಲೆ ತೊಳೆಯುವುದು, ಕೈಲಾಗದ ಮುದುಕರಿಗೆ ಸ್ನಾನ ಮಾಡಿಸುವುದು, ಎಲ್ಲವೂ ಪ್ರತಿ ಮನೆಗೂ ಸರದಿಯಂತೆ ಬರುತ್ತದೆ. ಮಂತ್ರಿಯ ಮನೆಗೂ ಬರುತ್ತದೆ. ಚರಂಡಿಯ ಸರದಿ ಬಂದ ವಾರ ಮಂತ್ರಿಗಳಿಗೆ ತಪ್ಪದೆ ಸೊಂಟನೋವು ಬರುತ್ತದೆ, ಅದು ಮಾತ್ರ ನಿಮ್ಮ ಕಾಲದಂತೆಯೇ.

ಅಂಗಳವನ್ನು ಕಟ್ಟಿದ ಹಿರಿಯರು ಒಂದು ಕಟ್ಟುನಿಟ್ಟು ಮಾಡಿ ಹೋಗಿದ್ದಾರೆ. ಇಲ್ಲಿ ಕಥೆಯನ್ನು ಒಂದೇ ಕಡೆಯಿಂದ ಹೇಳುವಂತಿಲ್ಲ. ನಮ್ಮ ಪದ್ಧತಿಗೆ ಎದುರುಮಾತು ಎನ್ನುತ್ತೇವೆ. ಕೆಳಗೆ ನೆಲದ ಮೇಲೆ ಜೀತಕ್ಕಿದ್ದವರ ವಂಶದ ಒಬ್ಬರು ಕೂರಬೇಕು, ಎದುರಿಗೆ ಜಗಲಿಯ ಮೇಲೆ ಜೀತಕ್ಕೆ ಇಟ್ಟುಕೊಂಡಿದ್ದವರ ವಂಶದ ಒಬ್ಬರು ಕೂರಬೇಕು. ಮೊದಲು ಮಾತಾಡಬೇಕಾದವರು ಮೇಲಿನವರು. ಅವರನ್ನು ಯಾರೂ ಬೈಯುವಂತಿಲ್ಲ, ಅವರು ಕ್ಷಮೆ ಕೇಳಬೇಕಾಗಿಯೂ ಇಲ್ಲ. ನಮ್ಮ ಮನೆಯಲ್ಲಿ ಇಂಥವರನ್ನು ಇಟ್ಟುಕೊಂಡಿದ್ದೆವು, ಹೀಗೆ ನಡೆಸಿಕೊಂಡೆವು ಎಂದು ಹೇಳಿದರೆ ಸಾಕು. ಆಮೇಲೆ ಕೆಳಗಿನವರು ಹೇಳುತ್ತಾರೆ. ಕೊನೆಗೆ ಇಬ್ಬರೂ ನೆಲದ ಮೇಲೆ ಕೂತು ಒಂದೇ ಪಾತ್ರೆಯ ಊಟ ಮಾಡುತ್ತಾರೆ. ಹಿರಿಯರಿಗೆ ಗೊತ್ತಿತ್ತು, ನರಳಿದವರ ಕಥೆ ಮಾತ್ರ ಹೇಳಿದರೆ ಕೇಳುವವರು ಅಳುತ್ತಾರೆ, ಅತ್ತು ಹಗುರಾಗುತ್ತಾರೆ, ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಾರೆ. ಮಾಡಿದವರೇ ಇಲ್ಲದ ತಪ್ಪು ಅವರಿಗೆ ಪ್ರವಾಹದಂತೆ, ಬರದಂತೆ ಕಾಣುತ್ತದೆ.

ಜಗಲಿಯ ಮೇಲೆ ಬಹಳ ವರ್ಷ ಕೂತವರು ಸಾವಂತ್ರಕ್ಕ. ಆ ಮನೆ ಅವರ ಪೂರ್ವಜರದೇ. ಅಲ್ಲಿ ಜೀತಕ್ಕಿದ್ದ ಮುನಿಹನುಮಪ್ಪ ನನ್ನ ಪೂರ್ವಜ. ಅಕ್ಕ ಪ್ರತಿ ಸಲವೂ ಒಂದೇ ರೀತಿ ಶುರು ಮಾಡುತ್ತಿದ್ದರು. "ಮುನಿಹನುಮಪ್ಪ ಅಂತ ಒಬ್ರಿದ್ರು. ನಮ್ಮನೆ ಚಿಕ್ ಮಕ್ಳೂ ಅವರ್ನ ಲೋ ಮುನಿಗ ಅಂತಿದ್ವು. ಅವರ ಮದ್ವೆ ದಿವ್ಸಾನೂ ದನ ಹೊಡ್ಕಂಡೋಗು ಅಂತ ಕಳ್ಸಿದ್ವಿ. ಮಗನ ಥರ ನೋಡ್ಕಂತಿದೀವಿ ಅಂತ ಊರೆಲ್ಲ ಹೇಳ್ಕಂಡ್ ತಿರುಗಿದ್ವಿ. ಯಾವ ಮಗನ ತಟ್ಟೆ ಕೊಟ್ಟಿಗೆ ಸೂರಲ್ಲಿರ್ತದೆ?" ಇನ್ನೂರು ವರ್ಷ ಹಿಂದಿನದನ್ನು ಅಕ್ಕ ನಾವು ಎಂದೇ ಹೇಳುತ್ತಿದ್ದರು. ಕೇಳಿದವರಲ್ಲಿ ಅಳುವವರು ಕಡಿಮೆ, ಮನೆಯ ಹಿರಿಯರನ್ನು ಏನೋ ಕೇಳಬೇಕೆಂದುಕೊಂಡು ತಲೆ ತಗ್ಗಿಸಿ ಹೋಗುವವರು ಹೆಚ್ಚು. ಮನೆತನದ ಮಾನ ಕಳೆದಳೆಂದು ಅಕ್ಕನ ನೆಂಟರು ಅವರನ್ನು ಮದುವೆ ಮುಂಜಿಗೆ ಕರೆಯುವುದನ್ನೇ ಬಿಟ್ಟರು. ಅಕ್ಕ ನನ್ನ ಗೆಳತಿಯಾಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಊಟದ ಹೊತ್ತಿಗೆ ಸಾರಿನ ಉಪ್ಪು ಹುಳಿ ಬಿಟ್ಟರೆ ನಾವು ಬೇರೆ ಮಾತಾಡಿದ್ದು ಅಪರೂಪ. ಆದರೆ ಅವರು ಬಂದು ಕೂರುತ್ತಿದ್ದರು. ನನಗೆ ಬೇಕಿದ್ದುದು ಅಷ್ಟೇ.

ಕಳೆದ ವರ್ಷ ಇದೇ ಸೋನೆಯಲ್ಲಿ ಅಕ್ಕ ತೀರಿಕೊಂಡರು. ಮಕ್ಕಳಿರಲಿಲ್ಲ. ಅಂದಿನಿಂದ ಜಗಲಿ ಖಾಲಿ. ಇನ್ನೊಬ್ಬರನ್ನು ಹುಡುಕಿಕೊಂಡು ನಾನು ಸುತ್ತಿನ ಊರುಗಳಲ್ಲೆಲ್ಲ ಮನೆಮನೆ ತಿರುಗಿದೆ. ಎಲ್ಲರೂ ಕೂರಿಸಿ ಪಾನಕ ಕೊಟ್ಟರು. ಬಂದ ವಿಷಯ ಹೇಳಿದ ಕೂಡಲೇ ಎದೆಯ ಮೇಲೆ ಕೈಯಿಟ್ಟು ಒಂದೇ ಮಾತು ಹೇಳಿದರು, "ನಮ್ಮೋರೂ ಜೀತಕ್ಕಿದ್ದೋರೇ ಕಣಕ್ಕ." ಎಂಥೆಂಥ ಮನೆಗಳು! ತಾತನ ಕಾಲದ ತೊಟ್ಟಿಮನೆಯ ಕಂಬಗಳಿಗೆ ಇನ್ನೂ ಎಣ್ಣೆ ಹಚ್ಚಿ ಹೊಳೆಸುತ್ತಿರುವವರು, ಅವರೂ ಜೀತಕ್ಕಿದ್ದವರಂತೆ. ಜಿಲ್ಲೆಗೆ ಜಿಲ್ಲೆಯೇ ಜೀತದಾಳುಗಳ ಸಂತಾನವಂತೆ. ನನಗೆ ಮೈ ಉರಿದುಹೋಯಿತು. ಒಂದು ತುಂಡು ಜಮೀನು ಬಿಟ್ಟುಕೊಡಲು ತಲೆಮಾರುಗಟ್ಟಲೆ ಸತಾಯಿಸಿದವರು ನಮ್ಮ ನೋವನ್ನು ಮಾತ್ರ ಕೇಳದೆಯೇ ತಮ್ಮದಾಗಿಸಿಕೊಂಡರು. ಒಬ್ಬ ಯಜಮಾನನನ್ನು ಕೇಳಿಯೂಬಿಟ್ಟೆ, "ಹಂಗಾದ್ರೆ ಇಟ್ಕಂಡಿದ್ದೋರು ಯಾರಣ್ಣ, ಮಳೆರಾಯನಾ?" ಆತ ನಕ್ಕು ಇನ್ನೊಂದು ಲೋಟ ಪಾನಕ ತರಿಸಿದ.

ಶಾಲೆಗಳಲ್ಲೂ ಇದೇ ಪಾಡು. ನಾವು ಮಕ್ಕಳಿಗೆ ಒಂದು ಆಟ ಆಡಿಸುತ್ತೇವೆ. ಅರ್ಧ ಜನ ಯಜಮಾನನ ಮನೆಯವರಾಗಬೇಕು, ಅರ್ಧ ಜನ ಜೀತಕ್ಕಿರುವವರಾಗಬೇಕು. ಯಜಮಾನ ಯಾರಾಗುತ್ತೀರಿ ಎಂದರೆ ಒಂದು ಕೈಯೂ ಮೇಲೇಳುವುದಿಲ್ಲ. ಜೀತದಾಳಾಗಲು ನೂಕುನುಗ್ಗಲು, ಯಾಕೆಂದರೆ ಕಥೆಯ ಕೊನೆಯಲ್ಲಿ ಚಪ್ಪಾಳೆ ಬೀಳುವುದು ಅವನಿಗೆ. ಈಗೀಗ ಮೇಷ್ಟರುಗಳು ಆ ಆಟವೇ ಬೇಡ, ಬಿಡುಗಡೆಯ ಹಾಡು ಹೇಳಿಸಿ ಸಾಕು ಎನ್ನುತ್ತಾರೆ.

ಇದು ಬರೀ ಹಳೆಯ ಮಾನದ ಜಗಳವೆಂದು ತಿಳಿಯಬೇಡಿ. ಅಶ್ವತ್ಥಯ್ಯ ಎಂಬ ಬಲೆಯೊಡೆಯನೊಬ್ಬನಿದ್ದಾನೆ, ಅಂದರೆ ಬೆಟ್ಟದ ಮಂಜುಬಲೆಗಳನ್ನು ನೋಡಿಕೊಳ್ಳುವ ಅಧಿಕಾರ ಇರುವವನು. ಈ ವರ್ಷ ಮತ್ತೆ ಮತ್ತೆ ಅಂಗಳಕ್ಕೆ ಬಂದ, ಮಕ್ಕಳನ್ನೂ ಕರೆತಂದ. ಖಾಲಿ ಜಗಲಿಯ ಎದುರು ನಾನೊಬ್ಬಳೇ ಕಥೆ ಹೇಳಿದೆ. ಆತ ಹೆಗಲ ವಸ್ತ್ರ ನೆನೆಯುವಂತೆ ಅತ್ತ. ಹೋಗುವಾಗ, "ನಮ್ಮೋರೂ ಜೀತಕ್ಕಿದ್ದೋರೇ ಕಣಕ್ಕ, ಕೇಳ್ತಿದ್ರೆ ರಕ್ತ ಕುದೀತದೆ" ಎಂದ. ಕಳೆದ ತಿಂಗಳು ನಮ್ಮ ಗುಂಪಿನವರು ಆ ಬೆಟ್ಟದ ಶಾಲೆಗೆ ಹೋದಾಗ ಅವನ ಮನೆಯಲ್ಲಿ ತಾಯಮ್ಮ ಎಂಬ ಹೆಂಗಸನ್ನು ಕಂಡರು. ಅವಳ ಊರಿನ ಬಲೆಗಳು ಬಿರುಗಾಳಿಗೆ ಹರಿದುಹೋದಾಗ ಅವಳ ಮನೆಗೆ ನೀರು ಕೊಟ್ಟವನು ಇವನು. ಅದಕ್ಕೆ ಬದಲಾಗಿ ಇವನ ಮನೆಯ ಸರದಿಗಳನ್ನೆಲ್ಲ ಅವಳೇ ಮಾಡಬೇಕು. ಎಲ್ಲಿಯವರೆಗೆ ಎಂಬ ಮಾತೇ ಆಗಿಲ್ಲ. ಊರಿಗೆ ಹೋಗಿಬರುತ್ತೇನೆಂದರೆ ಬಲೆ ಯಾರು ತೊಳೆಯುತ್ತಾರೆ ಎನ್ನುತ್ತಾನೆ. ಅವಳು ಮಲಗುವುದು ಹರಿದ ಬಲೆಗಳನ್ನು ಒಟ್ಟುವ ಕೋಣೆಯಲ್ಲಿ.

ನಾನೇ ಬೆಟ್ಟ ಹತ್ತಿ ಹೋಗಿ ಅವನನ್ನು ಕೇಳಿದೆ. ಅವನಿಗೆ ನಿಜವಾಗಿಯೂ ಬೇಸರವಾಯಿತು. "ಏನಕ್ಕ ಹಿಂಗಂತೀಯ? ಮಗಳ ಥರ ನೋಡ್ಕಂತಿದೀವಿ" ಎಂದ. ಅವನು ನಾಟಕವಾಡುತ್ತಿರಲಿಲ್ಲ, ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ತಾನು ನೆಲದ ಮೇಲೆ ಕೂತವರ ಪೈಕಿ ಎಂದು ನಂಬಿದವನಿಗೆ ತಾನೀಗ ಜಗಲಿಯ ಮೇಲಿದ್ದೇನೆಂದು ಹೇಗೆ ಕಾಣಬೇಕು? ಸಾವಂತ್ರಕ್ಕ ಇದ್ದಿದ್ದರೆ, ಅವನು ಆಡಿದ ಅದೇ ಮಾತು ಅವರ ಬಾಯಿಂದ ಅವನ ಕಿವಿಗೆ ಮೊದಲೇ ಬಿದ್ದಿರುತ್ತಿತ್ತು. ತಾಯಮ್ಮನನ್ನು ನನ್ನ ಜೊತೆ ಕರೆತಂದೆ. ತಟ್ಟೆಯ ವಿಷಯ ನಾನು ಕೇಳಲಿಲ್ಲ. ಅಂಗಳಕ್ಕೆ ಕಾಲಿಟ್ಟವಳು ಸೂರಿನ ಕಡೆ ನೋಡಿ ತಾನಾಗಿ ಹೇಳಿದಳು, "ನಂದು ಬಾಗ್ಲಾಚೆ ಮೊಳೆಗೆ ನೇತಾಕ್ತಿದ್ದೆ."

ಇನ್ನು ಅರಿವು ಸಭೆ, ಅಂದರೆ ನಮ್ಮಂಥ ಅಂಗಳಗಳನ್ನು ನಡೆಸುವ ಸರ್ಕಾರಿ ಮಂಡಳಿ. ಜಗಲಿ ಒಂದು ವರ್ಷ ಖಾಲಿ ಇದ್ದರೆ ಅಂಗಳ ಮುಚ್ಚಬೇಕೆಂದು ಹಿರಿಯರ ನಿಯಮವೇ ಇದೆ, ನಾಳೆಗೆ ವರ್ಷ ತುಂಬುತ್ತದೆ. ಸಭೆಯವರು ನಯವಾಗಿ ಒಂದು ದಾರಿ ತೋರಿಸಿದರು: ಜಗಲಿಯ ಮೇಲೆ ಮಾತುಬೊಂಬೆ ಕೂರಿಸೋಣ. ಹೇಳಿಕೊಟ್ಟದ್ದನ್ನು ಮನುಷ್ಯರ ದನಿಯಲ್ಲಿ, ಬೇಕಾದರೆ ಗಂಟಲು ತುಂಬಿ ಬಂದಂತೆಯೂ ಹೇಳುವ ಯಂತ್ರ ಅದು. ಬೊಂಬೆಗೆ ನೆಂಟರಿಲ್ಲ. ಅದನ್ನು ಯಾರೂ ಮದುವೆಗೆ ಕರೆಯುವುದನ್ನು ಬಿಡುವುದಿಲ್ಲ. ಕಳೆದುಕೊಳ್ಳುವುದು ಏನೂ ಇಲ್ಲದವರು ಹೇಳಿದ ಸತ್ಯಕ್ಕೆ ಯಾವ ತೂಕ? ನಾನು ಒಪ್ಪಲಿಲ್ಲ. ಸಭೆಯ ಅಧ್ಯಕ್ಷರು, "ಪಿಳ್ಳಮ್ಮ, ಹಳೇ ಗಾಯ ಎಷ್ಟ್ ದಿನ ಕೆದಕ್ತೀಯಮ್ಮ?" ಎಂದರು. ತಾಯಮ್ಮನ ಗಾಯ ಹಳೆಯದಲ್ಲ ಎಂದು ಹೇಳಿ ಎದ್ದು ಬಂದೆ.

ಈ ಸಿಟ್ಟನ್ನೆಲ್ಲ ನಿಮ್ಮ ಮೇಲೆ ಏಕೆ ಕಾರುತ್ತಿದ್ದೇನೆಂದರೆ, ಮರೆವು ಶುರುವಾದದ್ದು ನಿಮ್ಮಲ್ಲಿ. ನಮ್ಮ ಕಾಲದವರಿಗೆ ನಿಜವಾಗಿಯೂ ಗೊತ್ತಿಲ್ಲ. ನಿಮಗೆ ಗೊತ್ತಿದೆ. ಹಬ್ಬದ ದಿನ ನಿಮ್ಮ ಅಜ್ಜಿ ಹೋಳಿಗೆ ತಟ್ಟುತ್ತ ಪ್ರೀತಿಯಿಂದ ನೆನೆಸಿಕೊಳ್ಳುತ್ತಾರಲ್ಲ, ನಮ್ಮ ಮನೆಯಲ್ಲಿ ಒಬ್ಬನಿದ್ದ, ಬಲು ನಂಬಿಗಸ್ತ, ಮನೆಯವನ ಹಾಗೇ ಇದ್ದ ಎಂದು. ನೀವು ಹೂಂಗುಟ್ಟಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತೀರಿ. ಮನೆಯವನ ಹಾಗಿದ್ದವನು ಮಲಗುತ್ತಿದ್ದದ್ದು ಎಲ್ಲಿ? ಬಿಟ್ಟು ಹೋಗುತ್ತೇನೆಂದಿದ್ದರೆ ಏನಾಗುತ್ತಿತ್ತು? ಅವನ ಪೂರ್ತಿ ಹೆಸರೇನು? ಒಂದು ಪ್ರಶ್ನೆಯೂ ನಿಮ್ಮ ಬಾಯಿಂದ ಹೊರಡುವುದಿಲ್ಲ. ಹೊಸ ಮನೆ ಕಟ್ಟಿಸುವಾಗ ಟೈಲ್ಸಿನ ಬಣ್ಣಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ನೀವು, ಇಟ್ಟಿಗೆ ಬಂದ ಗೂಡಿನಲ್ಲಿ ಯಾರನ್ನು ಬೀಗ ಹಾಕಿ ಮಲಗಿಸುತ್ತಾರೆಂದು ಕೇಳುವುದಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದಲ್ಲ. ಅವರೇ ಸಾಲ ತೆಗೆದುಕೊಂಡವರು ಎನ್ನಬೇಡಿ. ಆ ಮಾತನ್ನು ನೀರಿನ ಹೆಸರಿನಲ್ಲಿ ನಮ್ಮ ಬೆಟ್ಟದಲ್ಲೂ ಕೇಳಿ ಬಂದಿದ್ದೇನೆ.

ಸಾವಂತ್ರಕ್ಕನಿಗೆ ಮಾತ್ರ ಹೇಗೆ ಗೊತ್ತಿತ್ತು? ನಿಮ್ಮ ಕಾಲದಲ್ಲಿ ಆ ಮನೆಗೆ ಸೊಸೆಯಾಗಿ ಬಂದವಳೊಬ್ಬಳು, ಮಗಳ ಕೈಗೆ ಮೊದಲ ಸಲ ಬಡಿಸುವ ಸೌಟು ಕೊಟ್ಟ ದಿನ, ಈ ಮನೆಯಲ್ಲಿ ಮುನಿಹನುಮಪ್ಪನವರನ್ನು ನಾವು ಹೇಗೆ ನಡೆಸಿಕೊಂಡೆವೆಂದು ಹೇಳಿದಳು. ಆಕೆ ಹೋರಾಟಗಾರ್ತಿಯಲ್ಲ. ಆಕೆಯ ಮಾತಿನಿಂದ ಅಂದು ಯಾರಿಗೂ ಬಿಡುಗಡೆಯಾಗಲಿಲ್ಲ. ಆದರೆ ಆ ಮಗಳು ತನ್ನ ಮಗಳಿಗೆ ಸೌಟು ಕೊಟ್ಟಾಗ ಅದನ್ನೇ ಹೇಳಿದಳು. ಹಾಗೆ ಅಡುಗೆಮನೆಯಿಂದ ಅಡುಗೆಮನೆಗೆ ಇಳಿದು ಬಂದ ಮಾತು ಅಕ್ಕನನ್ನು ಜಗಲಿಯ ಮೇಲೆ ತಂದು ಕೂರಿಸಿತು.

ನನ್ನ ಬೇಡಿಕೆಯೂ ಅಷ್ಟೇ. ಇವತ್ತು ಊಟಕ್ಕೆ ಕೂತಾಗ ಮಕ್ಕಳಿಗೆ ಹೇಳಿ. ನಿಮ್ಮ ಮನೆಯಲ್ಲಿ ಯಾರಿದ್ದರು, ಅವರ ಪೂರ್ತಿ ಹೆಸರೇನು, ತಟ್ಟೆ ಎಲ್ಲಿರುತ್ತಿತ್ತು. ಗೊತ್ತಿಲ್ಲದಿದ್ದರೆ, ಗೊತ್ತಿರುವವರು ಬದುಕಿರುವಾಗಲೇ ಕೇಳಿ. ಈಗಲೂ ಯಾರಾದರೂ ಇದ್ದರೆ ಹೇಳುವುದು ಸಾಲದು, ಮೊದಲು ಬಾಗಿಲು ತೆಗೆದು ಅವರನ್ನು ಅವರ ಮನೆಗೆ ಕಳಿಸಿ, ಆಮೇಲೆ ಹೇಳಿ. ಊಟದ ರುಚಿ ಕೆಟ್ಟರೆ ಕೆಡಲಿ, ಮನೆತನದ ಮಾನ ಹೋದರೆ ಹೋಗಲಿ.

ನಾಳೆ ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತೇನೆ, ಜಗಲಿಯನ್ನೂ ಗುಡಿಸುತ್ತೇನೆ. ನೆಲದ ಮೇಲೆ ನನ್ನ ಪಕ್ಕದಲ್ಲಿ ತಾಯಮ್ಮ ಕೂರುತ್ತಾಳಂತೆ. ಇಬ್ಬರೂ ದಾರಿ ನೋಡುತ್ತಿರುತ್ತೇವೆ. ಬರಬೇಕಾದವರು ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು. ಇವತ್ತು ನೀವು ಬಾಯಿ ಬಿಟ್ಟರೆ ಬರುತ್ತಾರೆ. ಬಿಡದಿದ್ದರೆ ಅವರೂ ಎದೆಯ ಮೇಲೆ ಕೈಯಿಟ್ಟುಕೊಂಡು ಪಾನಕ ಕೊಡುತ್ತಾರೆ. ನಿಮ್ಮ ಕೈಯಲ್ಲಿ ಇನ್ನೂರು ವರ್ಷಗಳಿವೆ. ನನಗಿರುವುದು ನಾಳೆ ಬೆಳಗಿನವರೆಗೆ ಮಾತ್ರ.

ಪಿಳ್ಳಮ್ಮ
ಮುನಿಹನುಮಪ್ಪನವರ ವಂಶದವಳು